ಹನ್ನೊಂದು ಮನೆಯ ಪಾಳಿ

ಬಾಯಿಂದ ಸುಳ್ಳು ಹೇಳಿದರೆ ಪಾಪ ಎಂದು ಸಣ್ಣವಳಿದ್ದಾಗ ಚರ್ಚಿನಲ್ಲಿ ಹೇಳಿಕೊಟ್ಟಿದ್ದರು. ಡಬ್ಬಿಯಿಂದ ಹೇಳಿದರೆ ಏನು ಎಂದು ಯಾರೂ ಹೇಳಿಕೊಡಲಿಲ್ಲ. ಹೇಳಿಕೊಟ್ಟಿದ್ದರೂ ನಾನು ಮಾಡುವುದನ್ನು ಮಾಡುತ್ತಿದ್ದೆ, ಆ ಮಾತು ಬೇರೆ. ನನ್ನ ಹೆಸರು ಶಾಂತಮ್ಮ. ಊರಿನಲ್ಲಿ ಈ ಹೆಸರನ್ನು ನಂಬಿದವರು ಒಬ್ಬರೂ ಇಲ್ಲ. ಸಾಲಿಗೆ ಹೋದವಳಲ್ಲ. ನನಗೆ ಬರುವ ಅಕ್ಷರವೆಲ್ಲ ಸ್ಟೀಲಿನ ಪಾತ್ರೆಗಳ ಮೇಲೆ ಕಲಿತದ್ದು. ಮದುವೆಯಲ್ಲಿ ಪಾತ್ರೆ ಕೊಡುವವರು ಹೆಸರು ಕೊರೆಸಿ ಕೊಡುತ್ತಾರಲ್ಲ, ಅದನ್ನು ತಿಕ್ಕುತ್ತ ತಿಕ್ಕುತ್ತ ಇದು ‘ಕ’, ಇದು ‘ಮ’ ಎಂದು ಗುರುತು ಹಿಡಿದೆ. ಅದಕ್ಕೇ ಇವತ್ತಿಗೂ ಕಾಗದದ ಮೇಲಿನ ಅಕ್ಷರ ನನಗೆ ತಿಕ್ಕದೆ ಬಿಟ್ಟ ಪಾತ್ರೆಯ ಹಾಗೆ ಮಂಕಾಗಿ ಕಾಣುತ್ತದೆ.

ನಮ್ಮದು ಭಾಲ್ಕಿ ತಾಲೂಕಿನ ಮೆಹಕರ. ಸ್ವಲ್ಪ ಮುಂದೆ ನಡೆದರೆ ಮಹಾರಾಷ್ಟ್ರ. ಚರ್ಚಿನ ಹಿಂದಿನ ಓಣಿಯಲ್ಲಿ ನಮ್ಮವರ ಮನೆ ಹನ್ನೊಂದು. ಪಾಸ್ಟರ್ ಸಾಹೇಬರು ಔರಾದ ಕಡೆಯವರು. ಭಾನುವಾರ ಬೆಳಿಗ್ಗೆ ಭಾಲ್ಕಿಯಲ್ಲಿ ಒಂದು ಆರಾಧನೆ ಮುಗಿಸಿ, ಬಸ್ಸು ಹಿಡಿದು ಹನ್ನೆರಡಕ್ಕೆ ನಮ್ಮಲ್ಲಿಗೆ ಬಂದು, ಮೂರರ ಬಸ್ಸಿಗೆ ತಿರುಗಿ ಹೋಗುತ್ತಾರೆ. ಅವರ ಮಧ್ಯಾಹ್ನದ ಊಟ ವಾರಕ್ಕೊಂದು ಮನೆಯ ಪಾಳಿ. ಪಾಳಿಯ ಮನೆಯವಳು ಡಬ್ಬಿಗೆ ಬಟ್ಟೆ ಕಟ್ಟಿ ಚರ್ಚಿನ ಪಡಸಾಲೆಗೆ ತಂದಿಡಬೇಕು. ಉಣ್ಣುವ ಮೊದಲು ಸಾಹೇಬರು ಆ ಮನೆಯವರ ಹೆಸರು ಹಿಡಿದು ಪ್ರಾರ್ಥನೆ ಮಾಡಬೇಕು. ನಮ್ಮ ಮಾವನ ಕಾಲದಿಂದ ನಡೆದು ಬಂದದ್ದು. ಪಾಳಿ ಇದ್ದವಳಿಗೆ ಅವತ್ತು ಸಾಹೇಬರ ಪ್ರಸಂಗ ತಲೆಗೆ ಹೋಗುತ್ತಿರಲಿಲ್ಲ. ಕಣ್ಣು ಪಾಸ್ಟರರ ಮೇಲೆ, ಮನಸ್ಸು ಒಲೆಯ ಮೇಲೆ.

ಎರಡು ವರ್ಷ ಮಳೆ ಕೈಕೊಟ್ಟಿತು. ಮೊದಲು ಒಂದು ಮನೆಯವರು ಹೈದರಾಬಾದಿಗೆ ಹೋದರು, ಆಮೇಲೆ ಎರಡು ಮನೆಯವರು ಪುಣೆಗೆ. ಬೇಸಿಗೆ ಬರುವಷ್ಟರಲ್ಲಿ ಒಂಬತ್ತು ಮನೆಗೆ ಬೀಗ. ಒಂಬತ್ತೂ ಚಾವಿ ನನ್ನ ಸೊಂಟದಲ್ಲಿ. “ಅತ್ತಿ, ವಾರಕ್ಕೊಮ್ಮಿ ಬಾಗಲಾ ತೆರದು ಕಸಾ ಹೊಡಿ” ಎಂದು ಒಬ್ಬೊಬ್ಬಳೂ ಹೇಳಿ ಹೋದಳು. ನಡೆದರೆ ಜಣಜಣ ಎನ್ನುತ್ತಿದ್ದೆ; ಕೇಳುವವರು ಓಣಿಯಲ್ಲಿ ಇರಲಿಲ್ಲ. ಉಳಿದದ್ದು ನಾನು ಮತ್ತು ದೇವಪ್ಪ ಕಾಕಾ. ಕಾಕಾನಿಗೆ ಕಿವಿ ಕೇಳಿಸುವುದಿಲ್ಲ. ನನ್ನಂಥವಳ ನೆರೆಯಲ್ಲಿ ಬಾಳಲು ಅದು ಅವನಿಗೆ ಅನುಕೂಲ, ಕಷ್ಟ ನನಗೆ. ಬೈದರೂ ನಗುತ್ತಾನೆ.

ಅಷ್ಟರಲ್ಲಿ ಬೀದರಿನ ದೊಡ್ಡ ಪಾಸ್ಟರರಿಂದ ಮಾತು ಬಂತು. ಯಾವುದೋ ಊರಿಗೆ ಹೋದ ಪಾಸ್ಟರ್ ಒಬ್ಬರು ಊಟ ಹಾಕುವವರಿಲ್ಲದೆ ಹಸಿದು ಬಂದು ಬಸ್ ನಿಲ್ದಾಣದಲ್ಲಿ ತಲೆ ತಿರುಗಿ ಬಿದ್ದಿದ್ದರಂತೆ. ಇನ್ನು ಮೇಲೆ ಎಲ್ಲಿ ಊಟದ ಪಾಳಿ ನಿಂತಿದೆಯೋ ಅಲ್ಲಿಯ ಆರಾಧನೆಯನ್ನೂ ನಿಲ್ಲಿಸುವುದು. ನಮ್ಮ ಊರಿನದು ನಿಂತರೆ ನಾವು ಖಟಕ ಚಿಂಚೋಳಿಗೆ ಹೋಗಬೇಕು. ನನ್ನ ಮೊಣಕಾಲು ಬಸ್ಸಿನವರೆಗೂ ಬರುವುದಿಲ್ಲ. ಆದರೆ ಕಾಲು ಒಂದು ನೆಪ. ನಿಜ ಹೇಳುತ್ತೇನೆ. ವಾರದಲ್ಲಿ ಒಂದು ದಿನ, ಮೂರು ತಾಸು, ಒಬ್ಬ ಮನುಷ್ಯ ನನ್ನೆದುರು ಕುಳಿತು ಉಣ್ಣುತ್ತಿದ್ದ, ನಾನು ಕೇಳಿದ್ದಕ್ಕೆ ತಿರುಗಿ ಉತ್ತರ ಕೊಡುತ್ತಿದ್ದ. ಅದೂ ನಿಂತರೆ ನಾನು ಮಾತಾಡಲು ಚರ್ಚಿನ ಮುಂದಿನ ಬೇವಿನಮರವೇ ಗತಿಯಾಗುತ್ತಿತ್ತು.

ಆ ಭಾನುವಾರ, ಹೈದರಾಬಾದಿಗೆ ಹೋದ ಕಮಲಮ್ಮನ ಮನೆಯ ಬೀಗ ತೆಗೆದೆ. ಅವಳ ಡಬ್ಬಿ ತಂದು ತಿಕ್ಕಿ, ಬೇಳೆ ತುಂಬಿ, ಬಟ್ಟೆ ಕಟ್ಟಿ ಪಡಸಾಲೆಯಲ್ಲಿಟ್ಟೆ. ಸಾಹೇಬರು ಖಾಲಿ ಚಾಪೆಗಳನ್ನು ನೋಡಿದರು.

“ಎಲ್ಲಾರೂ ಎಲ್ಲಿ ಹೋಗ್ಯಾರ, ಆಯಿ?”

“ದುಡಿಲಾಕ ಹೋಗ್ಯಾರ್ರಿ.”

“ಐತವಾರನೂ?”

“ಬರಗಾಲಕ್ಕ ಐತವಾರ ಎಲ್ಲದರೀ ಸಾಹೇಬ್ರ? ಊಟ ಮಾತ್ರ ತಪ್ಪಸಿಲ್ರಿ. ಇವತ್ತು ಕಮಲಮ್ಮನ ಪಾಳಿ.”

ಡಬ್ಬಿ ತಿರುಗಿಸಿ ಹೆಸರು ತೋರಿಸಿದೆ. ಓದಿದವರಿಗೆ ಬರೆದದ್ದನ್ನು ತೋರಿಸಿದರೆ ಮುಗಿಯಿತು, ನಂಬುತ್ತಾರೆ. ಬಸ್ಸಿನಿಂದ ಚರ್ಚಿಗೆ, ಚರ್ಚಿನಿಂದ ಬಸ್ಸಿಗೆ ಹೋಗುವವರ ಕಣ್ಣಿಗೆ ಹಿಂದಿನ ಓಣಿಯ ಬೀಗಗಳು ಬೀಳುವುದೂ ಇಲ್ಲ.

ಆದರೆ ಹನ್ನೊಂದು ಡಬ್ಬಿಯಲ್ಲೂ ಒಂದೇ ರುಚಿ ಬಂದರೆ ದಡ್ಡನಿಗೂ ತಿಳಿಯುತ್ತದೆ. ಅದಕ್ಕೆ ಯಾರ ಡಬ್ಬಿಯೋ ಅವಳ ಕೈಯ ಅಡುಗೆಯನ್ನೇ ಮಾಡಬೇಕಾಯಿತು. ಕಮಲಮ್ಮ ಬೆಳ್ಳುಳ್ಳಿಯನ್ನು ಕಪ್ಪಾಗುವವರೆಗೆ ಹೊತ್ತಿಸುತ್ತಾಳೆ, ಹೊತ್ತಿಸಿದೆ. ಸುನಂದಾಳಿಗೆ ಯಾವಾಗಲೂ ಅವಸರ, ಅವಳ ರೊಟ್ಟಿ ಅಂಚಿನಲ್ಲಿ ದಪ್ಪ; ಬಡಿಯುವ ಕೈಯನ್ನು ಅರ್ಧಕ್ಕೇ ನಿಲ್ಲಿಸಿದೆ. ಪ್ರೇಮಲಾ ಕಡಲೆಹಿಟ್ಟಿನ ಝುಣಕಕ್ಕೆ ಎಣ್ಣೆ ಹಾಕುವುದಿಲ್ಲ, ಎಣ್ಣೆಗೆ ಝುಣಕ ಹಾಕುತ್ತಾಳೆ. ನನ್ನ ಎಂಟು ದಿನದ ಎಣ್ಣೆ ಅವಳ ಪಾಳಿಗೇ ಹೋಯಿತು. ದೇವಪ್ಪ ಕಾಕಾನ ಪಾಳಿಗೂ ನಾನೇ ಬೇಯಿಸಿದೆ, ಅವನು ಮಾಡುವ ಹಾಗೆ ಬೇಳೆ ಅರ್ಧ ಬೆಂದಿರುವಾಗಲೇ ಇಳಿಸಿ. ಇವರೆಲ್ಲ ಓಣಿಯಲ್ಲಿದ್ದಾಗ ಇವರ ಅಡುಗೆಯನ್ನು ಬಾಯಿ ತುಂಬ ಆಡಿಕೊಂಡವಳು ನಾನು. ಅದಕ್ಕೇ ಇಷ್ಟು ನೆನಪು. ಹೊಗಳಿದವರಿಗೆ ಇಷ್ಟು ನೆನಪಿರುವುದಿಲ್ಲ. ಒಲೆಯ ಮುಂದೆ ಕುಳಿತು, “ಸಾಕ್ ಬಿಡ ಪ್ರೇಮಲಾ, ಎಷ್ಟ ಸುರಿತಿ?” ಎಂದು ಗದರುತ್ತಿದ್ದೆ. ಸುರಿಯುತ್ತಿದ್ದವಳು ನಾನೇ. ಬೇಳೆ ಕುದಿಯುವವರೆಗೆ ಮನೆಯಲ್ಲಿ ಇಬ್ಬರಿದ್ದ ಹಾಗೆ ಇರುತ್ತಿತ್ತು. ಒಲೆ ಆರಿಸಿದರೆ ಮತ್ತೆ ಒಬ್ಬಳೇ.

“ಪ್ರಭುವೇ, ಈ ಊಟ ಕೊಟ್ಟ ಕಮಲಮ್ಮನ ಕೈ ಆಶೀರ್ವದಿಸು” ಎಂದು ಸಾಹೇಬರು ಕಣ್ಣು ಮುಚ್ಚಿದಾಗ ನಾನು ನನ್ನ ಕೈಯನ್ನು ಸೆರಗಿನೊಳಗೆ ಎಳೆದುಕೊಂಡೆ. ಕಮಲಮ್ಮ ಹೈದರಾಬಾದಿನಲ್ಲಿ ಇಟ್ಟಿಗೆ ಹೊರುತ್ತಿದ್ದಳು. ಅವಳ ಕೈಗೇ ಹೋಗಲಿ ಬಿಡು ಎಂದುಕೊಂಡೆ. ನನಗೆ ಸಿಟ್ಟು ಬಂದದ್ದು ಅದಕ್ಕಲ್ಲ. “ಆಯಿ, ಬ್ಯಾಳಿ ಅಂದ್ರ ಕಮಲಮ್ಮಂದು. ಬೆರಳ ಚೀಪಬೇಕು” ಎಂದು ಅವರು ವಾರ ವಾರವೂ ಅದನ್ನೇ ನೆನೆಸಿದರು. ಹನ್ನೊಂದನೆಯ ವಾರ ನನ್ನದೇ ಪಾಳಿ ಬಂತು. ನನ್ನ ಡಬ್ಬಿ, ನನ್ನ ಕೈ, ಯಾರ ಸೋಗೂ ಇಲ್ಲ. ಉಂಡರು, ಕೈ ತೊಳೆದರು, “ಬಿಸಲು ಭಾಳ ಅದ, ಆಯಿ” ಎಂದರು. ಅಷ್ಟೇ. ನಾನೇ ಮಾಡಿದ ಬೇಳೆಗೆ ನಾನು ಕಮಲಮ್ಮನ ಮೇಲೆ ಹೊಟ್ಟೆಕಿಚ್ಚು ಪಟ್ಟೆ. ಬೀದರಿನಲ್ಲಿ ದೊಡ್ಡ ಪಾಸ್ಟರರು ವಿಚಾರಿಸಿದಾಗ, “ಮೆಹಕರದಾಗ ಹನ್ನೊಂದೂ ಮನಿ ಪಾಳಿ ನಡದದ್ರಿ” ಎಂದು ಸಾಹೇಬರು ಹೇಳಿ ಬಂದರು. ನಮ್ಮ ಭಾನುವಾರ ಉಳಿಯಿತು.

ವಾರ ವಾರವೂ ಮಳೆಗೆಂದು ಬೇಡುತ್ತಿದ್ದೆವು. ಬೇಡುವವರು ಮೂರೇ ಜನ, ಅದರಲ್ಲೂ ಒಬ್ಬನಿಗೆ ಏನು ಬೇಡುತ್ತಿದ್ದೇವೆ ಎಂದೇ ಕೇಳಿಸುತ್ತಿರಲಿಲ್ಲ. ಆದರೂ ಮಳೆ ಬಂತು. ತೊಗರಿ ಬಿತ್ತಲು ಜನ ತಿರುಗಿ ಬಂದರು. ಚಾವಿಗಳು ಒಂದೊಂದಾಗಿ ನನ್ನ ಸೊಂಟದಿಂದ ಇಳಿದವು. ಮೊದಲ ಭಾನುವಾರವೇ ಸಾಹೇಬರು ಚರ್ಚಿನ ಬಾಗಿಲಲ್ಲಿ ಕಮಲಮ್ಮನನ್ನು ನಿಲ್ಲಿಸಿದರು.

“ನೀವ್ ಕಳಿಸಿದ ಬ್ಯಾಳಿ ಇನ್ನಾ ನಾಲಿಗಿ ಮ್ಯಾಲ ಅದರಿ, ಕಮಲಮ್ಮ.”

ಕಮಲಮ್ಮ ನನ್ನನ್ನು ನೋಡಿದಳು. ನಾನು ಸೂರು ನೋಡಿದೆ.

“ಹೌದೇನ್ರಿ ಸಾಹೇಬ್ರ? ನಮ್ಮವ್ವ ಕಲಿಸ್ಯಾಳ್ರಿ” ಎಂದಳು, ಮಳ್ಳಿ. ಹೊರಗೆ ಬಂದು ನನ್ನ ಸೆರಗು ಹಿಡಿದಳು. “ಯಾಕ ಅತ್ತಿ, ನಾ ಹೈದ್ರಾಬಾದದಾಗ ಇದ್ದು ಇಲ್ಲಿ ಬ್ಯಾಳಿ ಹ್ಯಾಂಗ ಕುದಿಸ್ದೆ?”

“ನಿನ್ನಂಗ ಬಳ್ಳೊಳ್ಳಿ ಸುಟ್ಟು ನಾನೇ ಕುದಿಸ್ದೆ.”

“ನನ್ನ ಬ್ಯಾಳಿ ನಾಯಿನೂ ಮೂಸಂಗಿಲ್ಲ ಅಂತಿದ್ದಿ!”

“ಈಗೂ ಅಂತೀನಿ. ಸಾಹೇಬ್ರು ನಾಯಿ ಅಲ್ಲ, ಏನ್ ಮಾಡ್ಲಿ?”

ಈಗ ಪಾಳಿ ಸರಿಯಾಗಿ ನಡೆಯುತ್ತಿದೆ. ಒಬ್ಬೊಬ್ಬಳೂ ತನ್ನ ಡಬ್ಬಿಯನ್ನು ತಾನೇ ತರುತ್ತಾಳೆ, ಸಾಹೇಬರ ಎದುರು ತಾನೇ ಕೂರುತ್ತಾಳೆ, ಮಾತೂ ಅವಳದೇ. ಓಣಿ ತುಂಬಿದೆ. ಆದರೆ ಎಲ್ಲರಿಗೂ ಬಿತ್ತನೆ, ಕಳೆ, ಮಕ್ಕಳು. ಮುದುಕಿಯ ಕಟ್ಟೆಗೆ ಕೂರಲು ಪುರುಸೊತ್ತಿಲ್ಲ. ಹತ್ತು ಭಾನುವಾರ ಮನೆಯಲ್ಲಿ ಒಬ್ಬಳೇ ರೊಟ್ಟಿ ಮುರಿದು ತಿಂದು, ಹನ್ನೊಂದನೆಯದಕ್ಕೆ ಕಾಯುತ್ತೇನೆ. ಮಳೆ ಬೇಡಿದವಳು ನಾನೇ. ಯಾರ ಹತ್ತಿರ ದೂರು ಹೇಳಲಿ?

ಕಳೆದ ಭಾನುವಾರ ನನ್ನ ಪಾಳಿ ಬಂತು. ಸಾಹೇಬರು ಉಂಡು, ಸ್ವಲ್ಪ ಹಿಂಜರಿದು, “ಆಯಿ, ಬ್ಯಾಸರಾ ಮಾಡ್ಕೋಬ್ಯಾಡ. ಬ್ಯಾಳಿ ಮಾಡೂದು ಕಮಲಮ್ಮನ ಬಲ್ಲಿ ಸ್ವಲ್ಪ ಕಲಕೊ” ಎಂದರು. ಬೇರೆ ಕಾಲವಾಗಿದ್ದರೆ ಅವರನ್ನು ಬಸ್ಸಿನವರೆಗೂ ಬೈದು ಕಳಿಸುತ್ತಿದ್ದೆ. “ಆಗ್ಲಿರಿ” ಎಂದೆ.

ಮರುದಿನ ಸಂಜೆ ಕಮಲಮ್ಮನ ಮನೆಗೆ ಹೋಗಿ ಬಂದ ಕಾರಣ ಹೇಳಿದೆ. ಅವಳು ನೆಲಕ್ಕೆ ಕುಸಿದು ನಕ್ಕಳು. ಆಮೇಲೆ ಮಣೆ ಕೊಟ್ಟು, “ಕೂಡ ಅತ್ತಿ, ನಿನ್ನ ಬ್ಯಾಳಿ ನಿನಗ ಕಲಿಸ್ತೀನಿ” ಎಂದಳು. ಬೆಳ್ಳುಳ್ಳಿ ಸುಲಿಯುತ್ತ ಹೈದರಾಬಾದಿನದೆಲ್ಲ ಹೇಳಿದಳು. ನಾನು ಬೇಳೆಯ ಕಡೆ ನೋಡಲೇ ಇಲ್ಲ. ಬೇಳೆ ಇಳಿಸಿ ಸೌಟಿನಲ್ಲಿ ಸ್ವಲ್ಪ ಕೊಟ್ಟು, “ಹ್ಯಾಂಗದ?” ಎಂದಳು.

ಮಾತಿನ ಭರದಲ್ಲಿ ಉಪ್ಪೇ ಹಾಕಿರಲಿಲ್ಲ.

“ಭಾಳ ಛಲೋ ಅದ” ಎಂದೆ. “ಆದ್ರ ನಂಗ ಒಮ್ಮಿಗೇ ತಿಳ್ಯಾಂಗಿಲ್ಲ ನೋಡು. ನಾಳಿ ಮತ್ತ ಬರ್ತೇನಿ.”

ಈ ಸುಳ್ಳನ್ನು ಮಾತ್ರ ಬಾಯಿಂದಲೇ ಹೇಳಿದೆ.