ಅಪ್ಪನ ಎರಡು ಇಂಚು ಮಳೆ

ಟಿ.ವಿ. ಕೆಲಸಕ್ಕೆ ಸೇರಿದವರಿಗೆ ಮಾನ ಹೋಗುವುದು ದಿನನಿತ್ಯದ ವಿಷಯ. ಹೋದದ್ದು ಊರಿಗೆಲ್ಲ ಕಾಣುತ್ತದೆ, ಅಷ್ಟೇ.

ಕೊಡೆಯವರ ಸಂದರ್ಶನ

ಪತ್ರಿಕೋದ್ಯಮದ ಡಿಗ್ರಿ ಮುಗಿಸಿ ಮಡಿಕೇರಿಯ ಸಣ್ಣದೊಂದು ಕೇಬಲ್ ಚಾನೆಲ್‌ಗೆ ಕೆಲಸ ಕೇಳಲು ಹೋದೆ. ಸಂಪಾದಕರು ಅಂಕಪಟ್ಟಿ ಮುಟ್ಟಲೇ ಇಲ್ಲ. ಮೈಕ್ ಕೊಟ್ಟು, "ಬಸ್ ಸ್ಟ್ಯಾಂಡಲ್ಲಿ ಯಾರನ್ನಾದ್ರೂ ಮಾತಾಡಿಸ್ಕೊಂಡು ಬನ್ನಿ" ಎಂದರು. ಜೊತೆಗೆ ಅಲ್ಲಿನ ಹಳೆಯ ಕ್ಯಾಮೆರಾಮನ್ ಬಂದರು. ಎಲ್ಲರೂ ಅವರನ್ನು ಕ್ಯಾಮೆರಾ ಅಣ್ಣ ಎನ್ನುತ್ತಿದ್ದರು.

ಕೊಡೆ ಹಿಡಿದು ಭಾಗಮಂಡಲದ ಬಸ್ಸಿಗೆ ಕಾಯುತ್ತಿದ್ದ ಹಿರಿಯರೊಬ್ಬರ ಮುಂದೆ ಮೈಕ್ ಹಿಡಿದೆ. ನಾನು ಬಾಯಿ ತೆರೆಯುವ ಮೊದಲೇ ಅವರು, "ನೀನು ಯಾರ ಮನೆ ಹುಡುಗಿ?" ಎಂದರು. ನಮ್ಮೂರು ಗಾಳಿಬೀಡು ಎಂದೆ. ಅಪ್ಪನ ಹೆಸರು, ಅಮ್ಮನ ತವರು, ಈ ಕೆಲಸ ಯಾಕೆ ಬೇಕು, ಎಲ್ಲ ಕೇಳಿದರು. ನಾನು ಹೇಳುತ್ತಲೇ ಹೋದೆ. ಬಸ್ ಬಂತು, ಹತ್ತಿ ಹೋದರು.

ಸಂಪಾದಕರು ಅದನ್ನು ಪೂರ್ತಿ ನೋಡಿ, "ಕೆಲಸ ಕೊಡಬೇಕಾದ್ದು ಆ ಕೊಡೆಯವರಿಗೆ. ಅವರ ವಿಳಾಸ ನೀವು ಕೇಳಿಲ್ಲ, ಹಾಗಾಗಿ ನೀವೇ ಬನ್ನಿ. ಮೂರು ತಿಂಗಳು ನೋಡಿ ಆಮೇಲೆ ಖಾಯಂ ಮಾಡೋಣ, ಇಲ್ಲ ಮನೆಗೆ ಕಳಿಸೋಣ" ಎಂದರು.

ಆನೆಯ ಮುಂದೆ

ಕ್ಯಾಮೆರಾ ಅಣ್ಣನೇ ಡ್ರೈವರ್, ಎಡಿಟರ್, ಕಚೇರಿಗೆ ಕಾಫಿ ಮಾಡುವವರೂ ಅವರೇ. ಅವರಷ್ಟು ಕೆಲಸ ಬಲ್ಲವರನ್ನು ನಾನು ಇವತ್ತಿಗೂ ನೋಡಿಲ್ಲ. ದುಬಾರೆಗೆ ಆನೆಗಳ ಸ್ನಾನದ ಸುದ್ದಿ ಮಾಡಲು ಹೋದಾಗ ನಾನು ಎರಡು ಪುಟ ಬಾಯಿಪಾಠ ಮಾಡಿಕೊಂಡಿದ್ದೆ. ಒಂದಕ್ಷರ ತಪ್ಪದೆ ಒಪ್ಪಿಸಿದೆ. ಅವರು ತಾಳ್ಮೆಯಿಂದ ಕೇಳಿ, "ಚೆನ್ನಾಗಿ ಹೇಳ್ದೆ ತಂಗಿ. ಈಗ ಸ್ವಲ್ಪ ಬದಿಗೆ ನಿಲ್ಲು, ಆನೆ ಕಾಣ್ಲಿ" ಎಂದರು.

ಮೊದಲ ನೇರ ವಾರ್ತೆ

ಮೂರು ತಿಂಗಳಿಗೆ ಎರಡೇ ದಿನ ಬಾಕಿ ಇರುವಾಗ ನನ್ನನ್ನು ಬೆಳಗಿನ ನೇರ ವಾರ್ತೆಗೆ ಕೂರಿಸಿದರು. ಹಿಂದಿನ ದಿನ ಹೂಮಳೆ, ಅಂದರೆ ಕಾಫಿ ಗಿಡ ಹೂ ಬಿಡಲು ಬೇಕಾದ ಬೇಸಿಗೆಯ ಮಳೆ, ಬಿದ್ದಿತ್ತು. ನಮ್ಮಲ್ಲಿ ಪ್ರತಿ ತೋಟದ ಮನೆಯಲ್ಲೂ ಒಂದು ಮಳೆಮಾಪಕ ಇರುತ್ತದೆ. ಬಿದ್ದ ಮಳೆಯನ್ನು, ನೂರು ಸೆಂಟಿಗೆ ಒಂದು ಇಂಚಿನ ಲೆಕ್ಕದಲ್ಲಿ, ಬರೆದಿಡದೆ ಯಾರೂ ತಿಂಡಿಗೆ ಕೂರುವುದಿಲ್ಲ. ನಾನು ಅಪ್ಪನಿಗೊಂದು ಫೋನ್ ಮಾಡಿ ಕೇಳಿಕೊಂಡು, "ಗಾಳಿಬೀಡಿನಲ್ಲಿ ಎರಡು ಇಂಚು ಮಳೆ" ಎಂದು ಓದಿಬಿಟ್ಟೆ.

ವಾರ್ತೆ ಮುಗಿಯುವ ಮೊದಲೇ ಕಚೇರಿಗೆ ಫೋನ್ ಶುರುವಾಯಿತು. "ಎರಡು ಇಂಚು ಅವಳಪ್ಪನ ಅಂಗಳದಲ್ಲಿ. ನಮ್ಮಲ್ಲಿ ಒಂದು ಇಂಚು ಎಂಬತ್ತು ಸೆಂಟ್" ಎಂದರು ಪಕ್ಕದ ಮನೆಯವರು. ಹಿಂದೆಯೇ ಇನ್ನೊಬ್ಬರು, ಮತ್ತೊಬ್ಬರು. ಸಂಪಾದಕರ ಮುಖ ನೋಡಿಯೇ ಕೆಲಸ ಹೋಯಿತು ಅಂದುಕೊಂಡೆ. ಅಳುವೇ ಬಂತು.

ಕ್ಯಾಮೆರಾ ಅಣ್ಣ ಮಾತ್ರ ಒಂದೊಂದೇ ಫೋನ್ ಎತ್ತಿ, ಯಾರ ಮನೆ, ಎಷ್ಟು ಮಳೆ ಎಂದು ಬರೆದುಕೊಂಡರು. "ಸಾರ್, ಇಷ್ಟು ಜನ ನಮ್ಮ ವಾರ್ತೆ ನೋಡ್ತಾರೆ ಅಂತ ನಮಗೇ ಗೊತ್ತಿರ್ಲಿಲ್ಲ. ಸಂಜೆ ಇವಳ ಕೈಲೇ ಎಲ್ಲ ಓದಿಸುವ" ಎಂದರು. ಸಂಜೆ ಮನೆಮನೆಯ ಮಳೆ ಓದಿದೆ. ಬೇರೆ ಸುದ್ದಿಗೆ ಸಮಯವೇ ಉಳಿಯಲಿಲ್ಲ.

ಓದಿ ಹೊರಬರುವಷ್ಟರಲ್ಲಿ ಮತ್ತೊಂದು ಫೋನ್. ಸಂಪಾದಕರು ಸ್ಪೀಕರ್ ಹಾಕಿದರು. ಬಸ್ ಸ್ಟ್ಯಾಂಡಿನ ಕೊಡೆಯವರು.

"ಆ ಗಾಳಿಬೀಡಿನ ಹುಡುಗಿಗೆ ಕೆಲಸ ಖಾಯಂ ಆಯ್ತಾ?"

ಸಂಪಾದಕರು ನನ್ನನ್ನು ನೋಡಿದರು, ಕ್ಯಾಮೆರಾ ಅಣ್ಣನನ್ನು ನೋಡಿದರು. "ಆಯ್ತು" ಎಂದರು.

"ಒಳ್ಳೇದಾಯ್ತು. ಹಾಗಾದ್ರೆ ಬರ್ಕೊಳ್ಳೋಕೆ ಹೇಳಿ. ಭಾಗಮಂಡಲದಲ್ಲಿ ನಮ್ಮ ಮನೆಲಿ ಎರಡು ಇಂಚು ಹದಿನೆಂಟು ಸೆಂಟ್. ಅವಳಪ್ಪನಿಗಿಂತ ಹದಿನೆಂಟು ಸೆಂಟ್ ಜಾಸ್ತಿ ಅಂತಾನೂ ಓದ್ಲಿ."