ವಿಲ್ಫ್ರೆಡ್‌ನ ಕಾಲ್ಗುಣ

ವಿಲ್ಫ್ರೆಡ್ ಟ್ಯಾಪ್‌ಸ್ಕಾಟ್ ಟೆನಿಸ್ ನೋಡಲು ಹೋದರೆ ಇಂಗ್ಲೆಂಡ್ ಸೋಲುತ್ತದೆ ಎಂಬುದನ್ನು ವಿಂಬಲ್ಡನ್ನಿನ ಆ ಬೀದಿಯಲ್ಲಿ ಮೊದಲು ಕಂಡುಹಿಡಿದವರು ಯಾರೋ ಗೊತ್ತಿಲ್ಲ. ೧೯೫೮ರ ಜೂನ್ ಹೊತ್ತಿಗೆ ಹಾಲು ಹಾಕುವವನಿಗೂ ಅದು ತಿಳಿದಿತ್ತು.

ಆಪಾದನೆ ಪೂರ್ತಿ ಗಾಳಿಮಾತೂ ಅಲ್ಲ. ವೈಟ್‌ಮನ್ ಕಪ್ಪಿಗಾಗಿ ಇಂಗ್ಲೆಂಡಿನ ಹೆಂಗಸರಿಗೂ ಅಮೆರಿಕದ ಹೆಂಗಸರಿಗೂ ವರ್ಷಕ್ಕೊಮ್ಮೆ ಜಿದ್ದಾಜಿದ್ದಿ. ಒಂದು ವರ್ಷ ಅಲ್ಲಿ, ಮರುವರ್ಷ ಇಲ್ಲಿ. ಯುದ್ಧ ಮುಗಿದ ಮೇಲೆ ಇಲ್ಲಿ ನಡೆದ ಪಂದ್ಯಗಳನ್ನೆಲ್ಲ ವಿಲ್ಫ್ರೆಡ್ ತಪ್ಪದೆ ನೋಡಿದ್ದ. ಇಂಗ್ಲೆಂಡ್ ತಪ್ಪದೆ ಸೋತಿತ್ತು. ಅವನು ನೋಡದ ಪಂದ್ಯಗಳಲ್ಲೂ, ಯುದ್ಧಕ್ಕೆ ಮುಂಚೆ ಎಷ್ಟೋ ವರ್ಷ, ನಮ್ಮವರು ಸೋತೇ ಇದ್ದರು. ಅದನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಈ ಸಲ ಮೊದಲ ದಿನ ನಮ್ಮ ಹುಡುಗಿಯರು ಚೆನ್ನಾಗಿಯೇ ಆಡಿದ್ದರು. ಶನಿವಾರ ಬೆಳಗ್ಗೆ ವಿಲ್ಫ್ರೆಡ್ ಟೋಪಿ ಇಟ್ಟುಕೊಂಡು ಹೊರಡುವಷ್ಟರಲ್ಲಿ ಪಕ್ಕದ ಮನೆಯ ಮಿಸೆಸ್ ಗಾರ್ಸೈಡ್ ಬೀದಿಯವರನ್ನೆಲ್ಲ ಬೆನ್ನಿಗಿಟ್ಟುಕೊಂಡು, ಕೈಯಲ್ಲಿ ಕೇಕ್ ಹಿಡಿದು ಬಾಗಿಲಿಗೆ ಬಂದರು.

"ಬೇಜಾರು ಮಾಡ್ಕೋಬೇಡಿ ಟ್ಯಾಪ್‌ಸ್ಕಾಟ್ ಅವರೇ. ನಿಮ್ಮ ಮೇಲೆ ನಮಗೇನೂ ಕೋಪ ಇಲ್ಲ. ದೇಶಕ್ಕೋಸ್ಕರ ಇವತ್ತೊಂದು ದಿನ ನಿಮ್ಮ ಹಿತ್ತಲ ಶೆಡ್ಡಲ್ಲಿ ಕೂತ್ಕೋತೀರಾ?"

ಮರ್ಯಾದೆಯಿಂದ ಕೇಳಿದ್ದಕ್ಕೆ ಆಗುವುದಿಲ್ಲ ಎನ್ನುವುದು ವಿಲ್ಫ್ರೆಡ್‌ನ ಜಾಯಮಾನದಲ್ಲೇ ಇರಲಿಲ್ಲ. ಹೆಂಡತಿ ಮ್ಯೂರಿಯಲ್ ಕಡೆ ನೋಡಿದ. ಅವಳು ಆಗಲೇ ಕೇಕ್ ಕತ್ತರಿಸುತ್ತಿದ್ದಳು.

ಹುಲ್ಲು ಕತ್ತರಿಸುವ ಯಂತ್ರಕ್ಕೂ ಹೂಕುಂಡಗಳಿಗೂ ನಡುವೆ ಅವನನ್ನು ಕೂರಿಸಿದರು. ರೇಡಿಯೋ ಕೊಡಲಿಲ್ಲ, ಕಿವಿಗುಣವೂ ಕೆಟ್ಟದ್ದಿರಬಹುದಲ್ಲ. ಬೀಗ ಹಾಕುವುದು ಅಸಭ್ಯತೆಯಾದ್ದರಿಂದ ಬಾಗಿಲಾಚೆ ಕುರ್ಚಿ ಹಾಕಿ ನಿವೃತ್ತ ಸಾರ್ಜೆಂಟ್ ಪಿನ್ನಕ್‌ರನ್ನು ಕಾವಲಿಗೆ ಬಿಟ್ಟರು. ಸಾರ್ಜೆಂಟ್ ಎದೆಯ ಮೇಲೆ ಪದಕಗಳಿದ್ದವು. ಉಳಿದವರು ಮಿಸೆಸ್ ಗಾರ್ಸೈಡ್ ಮನೆಯ ರೇಡಿಯೋಗೆ ಜೋತುಬಿದ್ದರು.

ವಿಲ್ಫ್ರೆಡ್‌ಗೆ ಹೊಟ್ಟೆ ಉರಿಯಿತು. ಇಷ್ಟು ವರ್ಷ ಸೋಲನ್ನು ಕಣ್ಣಾರೆ ಕಂಡವನಿಗೆ ಒಂದೇ ಒಂದು ಗೆಲುವನ್ನು ಕಾಣುವ ಹಕ್ಕಿಲ್ಲವೇ? ಅದಕ್ಕಿಂತ ಹೆಚ್ಚಾಗಿ, ತಾನು ನೋಡುತ್ತಿರುವಾಗಲೇ ಇಂಗ್ಲೆಂಡ್ ಗೆದ್ದರೆ ಈ ಕಾಲ್ಗುಣದ ಕಳಂಕ ತೊಳೆದುಹೋಗುತ್ತಿತ್ತು. ಊಟದ ಹೊತ್ತಿಗೆ ಬಾಗಿಲ ಸಂದಿಯಲ್ಲಿ ಇಣುಕಿದ. ಕುರ್ಚಿ ಖಾಲಿ. ಅದರ ಮೇಲೆ ಪತ್ರಿಕೆ ಮಾತ್ರ ಇತ್ತು. ಸಾರ್ಜೆಂಟ್ ಬಹಿರ್ದೆಸೆಗೆ ಹೋಗಿರಬೇಕು ಎಂದುಕೊಂಡು ಸ್ವಲ್ಪ ಕಾದ, ಆಮೇಲೆ ಇನ್ನೂ ಸ್ವಲ್ಪ ಕಾದ. ಕೊನೆಗೆ ಹಿತ್ತಲ ಬೇಲಿ ಹಾರಿದ. ಪ್ಯಾಂಟಿನ ಹಿಂಭಾಗ ಒಂದು ಗೇಣು ಹರಿಯಿತು.

ಒಂದು ಕೈಯಲ್ಲಿ ಹರಿದ ಪ್ಯಾಂಟು ಮುಚ್ಚಿಕೊಂಡೇ ಟೆನಿಸ್ ಮೈದಾನದ ಸರದಿಯಲ್ಲಿ ನಿಂತು, ಟಿಕೆಟ್ ಕೊಂಡು ಟೋಪಿಯ ಪಟ್ಟಿಗೆ ಸಿಕ್ಕಿಸಿಕೊಂಡು, ಎಲ್ಲರಿಗಿಂತ ಹಿಂದೆ ಜಾಗ ಹಿಡಿದ. ಅಲ್ಲೋ, ಇನ್ನೂ ಇಪ್ಪತ್ತು ತುಂಬದ ನಮ್ಮ ಉದ್ದನೆಯ ಹುಡುಗಿ ಅಮೆರಿಕದ ಮಹಾ ಆಟಗಾರ್ತಿಯನ್ನೇ ಮಣಿಸುತ್ತಿದ್ದಳು. ವಿಲ್ಫ್ರೆಡ್ ಕಣ್ಣು ಮುಚ್ಚಿದ. ಮತ್ತೆ ತೆರೆದ. ಅವಳು ಆಗಲೂ ಗೆಲ್ಲುತ್ತಲೇ ಇದ್ದಳು. ಅವಳು ಗೆದ್ದಳು, ಆಮೇಲೆ ಇನ್ನೊಬ್ಬಳೂ ಗೆದ್ದು ಕಪ್ಪು ನಮ್ಮದಾಯಿತು. ಟೋಪಿ ಟಿಕೆಟ್ಟಿನ ಸಮೇತ ಆಕಾಶಕ್ಕೆ ಹಾರಿ ಎಲ್ಲಿಗೋ ಹೋಯಿತು. ವಿಲ್ಫ್ರೆಡ್ ಅಳುತ್ತಾ, ಪಕ್ಕದಲ್ಲಿ ಅಳುತ್ತಿದ್ದವರೊಬ್ಬರನ್ನು ಬಾಚಿ ತಬ್ಬಿಕೊಂಡ. ಎದೆಗೆ ಏನೋ ಚುಚ್ಚಿತು. ಪದಕಗಳು.

"ಸಾರ್ಜೆಂಟ್, ನೀವಾ?"

"ನೀವು ಶೆಡ್ಡಲ್ಲಿ ಇರ್ಬೇಕಾಗಿತ್ತಲ್ರೀ" ಎಂದರು ಪಿನ್ನಕ್, ಕಣ್ಣೊರೆಸಿಕೊಳ್ಳುತ್ತಾ.

ವಿಲ್ಫ್ರೆಡ್‌ಗೆ ಸ್ವರ್ಗವೇ ಸಿಕ್ಕಿದಂತಾಯಿತು. ಪದಕ ತೊಟ್ಟ ಸಾಕ್ಷಿ ಇನ್ನೆಲ್ಲಿ ಸಿಗುತ್ತಾನೆ? ಆದರೆ ಗೇಟು ದಾಟುವಾಗ ಸಾರ್ಜೆಂಟ್ ಆ ವಯಸ್ಸಿಗೆ ನಂಬಲಾಗದ ವೇಗದಲ್ಲಿ ಗುಂಪಿನೊಳಗೆ ಮಾಯವಾದರು.

ಬೀದಿಗೆ ಬಂದಾಗ ಹೊರಗೆ ಮೇಜು ಹಾಕಿ ಚಹಾ ಹಂಚುತ್ತಿದ್ದರು. ಪಿನ್ನಕ್ ಆಗಲೇ ಎರಡನೇ ಕಪ್ಪು ಹೀರುತ್ತಿದ್ದರು. ವಿಲ್ಫ್ರೆಡ್‌ನನ್ನು ಕಂಡು ಎಲ್ಲರೂ ಚಪ್ಪಾಳೆ ತಟ್ಟಿದರು.

"ನಾನು ಮೈದಾನದಲ್ಲೇ ಇದ್ದೆ" ಎಂದ ವಿಲ್ಫ್ರೆಡ್. "ಕೊನೇವರೆಗೂ ನೋಡ್ದೆ. ನಾನು ನೋಡ್ತಿದ್ದಾಗಲೇ ಗೆದ್ದರು. ಬೇಕಾದರೆ ಸಾರ್ಜೆಂಟನ್ನ ಕೇಳಿ, ಇವರೂ ಬಂದಿದ್ದರು."

ಎಲ್ಲರೂ ಪಿನ್ನಕ್ ಕಡೆ ತಿರುಗಿದರು. ಅವರು ಕಪ್ಪು ಕೆಳಗಿಟ್ಟು ಸೆಟೆದು ನಿಂತರು.

"ಬೆಳಗ್ಗೆಯಿಂದ ಕುರ್ಚಿ ಬಿಟ್ಟು ಏಳಲಿಲ್ಲ ನಾನು. ಈಗ ತಾನೇ ಇವರನ್ನ ಹೊರಗೆ ಬಿಟ್ಟೆ. ಒಳಗೆ ಸೆಕೆ ನೋಡಿ, ಪಾಪ, ತಲೆಗೆ ಹತ್ತಿದೆ."

ವಿಲ್ಫ್ರೆಡ್ ಕೊನೆಯ ಹೊಡೆತವನ್ನು ವರ್ಣಿಸಿದ. ರೇಡಿಯೋ ಶೆಡ್ಡಿನವರೆಗೂ ಕೇಳಿಸಿರಬೇಕು ಎಂದರು. ಹರಿದ ಪ್ಯಾಂಟು ತೋರಿಸಿದ. ಹೆಂಗಸರು ಮುಖ ತಿರುಗಿಸಿದರು. ಮ್ಯೂರಿಯಲ್ ಹಣೆ ಮುಟ್ಟಿ ನೋಡಿ, ಬಿಸಿಯಿದೆ ಎಂದಳು.

"ನಮಗೆ ಇದ್ದ ಅನುಮಾನವೂ ಇವತ್ತು ಹೋಯ್ತು" ಎಂದರು ಮಿಸೆಸ್ ಗಾರ್ಸೈಡ್, ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು. "ನೀವು ಒಳಗಿದ್ದರೆ ದೇಶ ಗೆಲ್ಲುತ್ತೆ. ನಾಳೆ ಸ್ವೀಡನ್‌ನಲ್ಲಿ ನಮ್ಮವರ ಫುಟ್‌ಬಾಲ್ ಇದೆ. ಮುಂದಿನ ವಾರ ಕ್ರಿಕೆಟ್ಟೂ ಇದೆ. ಶೆಡ್ಡಿಗೆ ಒಂದು ಮಂಚ ಹಾಕಿಸ್ತೀವಿ."

ವಿಲ್ಫ್ರೆಡ್ ಬಾಯಿ ತೆರೆದ. ಅಷ್ಟರಲ್ಲಿ ಪಿನ್ನಕ್ ಮುಂದೆ ಬಂದು, ಕ್ರಿಕೆಟ್ಟಿನ ದಿನಗಳಿಗೂ ಕಾವಲು ತಮ್ಮದೇ ಇರಲಿ ಎಂದು ಬೇಡಿಕೊಂಡರು.