ಮಾವನ ಕಬ್ಬು, ಅಳಿಯನ ತಾರೀಖು

ಕಂಪ್ಯೂಟರ್ ಸುಳ್ಳು ಹೇಳುವುದಿಲ್ಲ, ಅದರ ಮುಂದೆ ಕುಳಿತವನು ಹೇಳುತ್ತಾನೆ. ಈ ಕತೆ ಮಾತ್ರ ಖರೆ. ಬೇಕಾದರೆ ಐಗಳಿ ಊರಿನಲ್ಲಿ ಯಾರನ್ನಾದರೂ ಕೇಳಿ, ಮೊದಲು ನಕ್ಕು ಆಮೇಲೆ ಹೇಳುತ್ತಾರೆ.

2011ರ ನವೆಂಬರ್. ಸಕ್ಕರೆ ಕಾರ್ಖಾನೆಯ ಕಂಪ್ಯೂಟರ್ ಆಪರೇಟರ್ ಶಿವರಾಜನಿಗೆ ಹೆಂಡತಿ ರೂಪಾಲಿ ಬೆಳಗಿನ ಚಹಾದ ಜೊತೆಗೇ ತಾಕೀತು ಕೊಟ್ಟಿದ್ದಳು: "ನಮ್ಮಪ್ಪನ ಕಬ್ಬಿಂದು ಈ ವಾರ ಪಾಳಿ ಬರ್ಲಿಲ್ಲಂದ್ರ ನಾ ಐಗಳಿಗೆ ತವರಮನಿಗೆ ಹೋಗಿ ಕುಂದರ್ತೇನಿ ನೋಡ್ರಿ."

ಮೊದಲು ಹೆಸರು ನೋಂದಾಯಿಸಿದವರ ಕಬ್ಬಿಗೆ ಕಟಾವಿನ ಮೊದಲ ಪಾಳಿ, ಇದು ಕಾರ್ಖಾನೆಯ ನಿಯಮ. ಮಾವ ಮುರಗೆಪ್ಪನವರು ಪಟ್ಟಿಯಲ್ಲಿ ಮುನ್ನೂರಾ ಏಳನೆಯವರು. ಶಿವರಾಜ ಕೋಣೆಯಲ್ಲಿ ಯಾರೂ ಇಲ್ಲದಾಗ ಕಂಪ್ಯೂಟರಿನ ತಾರೀಖನ್ನು ಎಲ್ಲರ ನೋಂದಣಿಗಿಂತ ಹಿಂದಿನ ಜೂನ್ ಒಂದಕ್ಕೆ ಸರಿಸಿ, ಮಾವನ ಹೆಸರು ಅಳಿಸಿ ಹೊಸದಾಗಿ ಹೊಡೆದ. ಮುರಗೆಪ್ಪನವರು ಪಟ್ಟಿಯ ನೆತ್ತಿಗೇರಿದರು. ಆ ಖುಷಿಯಲ್ಲಿ ತಾರೀಖನ್ನು ವಾಪಸು ತರುವುದೇ ಮರೆತುಹೋಯಿತು.

ಪಟ್ಟಿ ಅಥಣಿಯ ಹೆಡ್ಡಾಫೀಸಿನ ಸರ್ವರಿಗೆ ಹೋಗಬೇಕಿತ್ತು. ಅದಕ್ಕೊಂದು ಸಾಫ್ಟ್‌ವೇರ್. ಹಳೆಯ ಪ್ರತಿ, ಹೊಸ ಪ್ರತಿ ಎಲ್ಲವನ್ನೂ ಇಟ್ಟುಕೊಂಡು, ಯಾರು ಯಾವ ಸಾಲು ತಿದ್ದಿದರೆಂದು ಊರ ಲೆಕ್ಕ ಬರೆಯುವ ತಲಾಟಿಯಂತೆ ಬರೆದಿಡುತ್ತಿತ್ತು. ಶಿವರಾಜ ಗುಂಡಿ ಒತ್ತಿದರೆ ಪರದೆಯ ಮೇಲೊಂದು ಡಬ್ಬಿ: 'ಈ ಸರ್ವರಿನ ಸುರಕ್ಷತಾ ಸರ್ಟಿಫಿಕೇಟ್ ಸರಿಯಿಲ್ಲ. ನಂಬುತ್ತೀರಾ?' ಹೌದೆಂದ. ಮತ್ತೆ ಅದೇ. 'ಕಾಯಂ ನಂಬುತ್ತೇನೆ' ಎಂದ. ಮತ್ತೆ ಅದೇ. ಹೆಣ್ಣು ನೋಡಲು ಬಂದ ಬೀಗರಂತೆ, ಹತ್ತು ಸಲ ಹೇಳಿದರೂ ಹನ್ನೊಂದನೆಯ ಸಲ ಕೇಳುತ್ತಿತ್ತು.

ಸಿಪಾಯಿ ಮಲಕಾರಿ ಬಾಗಿಲಲ್ಲಿ ನಿಂತು ಆ ಡಬ್ಬಿಗೊಂದು ಮೂಗಿನ ಧ್ವನಿ ಕೊಟ್ಟ: "ನಂಬ್ತೀರೇನ್ರಿ? ಖರೇನ ನಂಬ್ತೀರೇನ್ರಿ?"

ಆ ಅಣಕು ಕೇಳಿ, ಕಟಾವಿನ ಚೀಟಿಗಾಗಿ ಹೊರಗೆ ಕುಳಿತಿದ್ದ ಐಗಳಿಯ ರೈತ ಭೀಮಸಿ ಒಳಬಂದು ಬೆಂಚಿನ ಮೇಲೆ ಕುಳಿತ. ಬೆಳಿಗ್ಗೆಯವರೆಗೆ ಪಟ್ಟಿಯ ಮೊದಲ ಹೆಸರು ಅವನದೇ.

"ವೈರ್ ಕಿತ್ತ ಮತ್ತ ಹಾಕ್ರಿ ಸಾಹೇಬ್ರ, ನಮ್ಮ ಟೀವಿ ಹಂಗ ಸುದ್ದ ಆಗ್ತೈತಿ."

ಮಲಕಾರಿ ಕಿತ್ತ. ಫ್ಯಾನು ನಿಂತಿತು. ಡಬ್ಬಿ ನಿಲ್ಲಲಿಲ್ಲ.

ಪಟ್ಟಿ ಬರಲಿಲ್ಲವೆಂದು ಮಧ್ಯಾಹ್ನ ಹೆಡ್ಡಾಫೀಸಿನ ಕಂಪ್ಯೂಟರ್ ಇಂಜಿನಿಯರ್ ನೀಲಮ ಬಂದಾಗ ಅರ್ಧ ಕಾರ್ಖಾನೆ ಆ ಕೋಣೆಯಲ್ಲಿತ್ತು. ಆಕೆ ಪರದೆಯ ಮೂಲೆಯನ್ನಷ್ಟೇ ನೋಡಿದಳು.

"ಇವತ್ತ ತಾರೀಖ ಎಷ್ಟ್ರಿ?"

"ನವೆಂಬರ್ ಹದಿನಾರ್ರಿ."

"ನಿಮ್ಮ ಮಶೀನ್ ಜೂನ್ ಒಂದ ಅಂತೈತಿ. ಸರ್ಟಿಫಿಕೇಟ್ ಹುಟ್ಟಿದ್ದ ಆಗಸ್ಟಿನಾಗ. ಇನ್ನಾ ಹುಟ್ಟಲಾರದ್ದನ್ನ ಮಶೀನ್ ಹೆಂಗ ನಂಬಬೇಕ್ರಿ?"

"ಮಶೀನಿನ ಗಡಿಯಾರದ ಸೆಲ್ ವೀಕ್ ಆಗಿರ್ಬೇಕ್ರಿ," ಎಂದ ಶಿವರಾಜ. ಸೆಲ್ಲಿಗಿಂತ ಅವನ ಧ್ವನಿ ವೀಕಾಗಿತ್ತು.

ನೀಲಮ ತಾರೀಖು ತಿದ್ದಿ ಗುಂಡಿ ಒತ್ತಿದಳು. ಪಟ್ಟಿ ಹೋಯಿತು. ಸರ್ವರ್ ತನ್ನದೇ ಗಡಿಯಾರ ನೋಡಿ ಬರೆದ ಟಿಪ್ಪಣಿ ಪರದೆಗೆ ಬಂತು. ಮಲಕಾರಿ ಅದೇ ಮೂಗಿನಲ್ಲಿ ಓದಿದ: "ತಿದ್ದಿದವರು ಶಿವರಾಜ. ಇವತ್ತ, ನವೆಂಬರ್ ಹದಿನಾರ. ಮುರಗೆಪ್ಪ, ಮುನ್ನೂರಾ ಏಳರಿಂದ ಒಂದಕ್ಕ..." ಅರ್ಧಕ್ಕೇ ಅವನ ಮೂಗು ಮಾಮೂಲಿ ಮೂಗಾಯಿತು.

"ಅಳಸ್ರಿ ಮೇಡಂ," ಶಿವರಾಜ ಪಿಸುಗುಟ್ಟಿದ.

"ಇದರಾಗ ಏನೂ ಅಳಸಾಕ ಬರೂದಿಲ್ರಿ. ಅದಕ್ಕಂತನ ಇದನ್ನ ಇಟ್ಟಾರ."

ಶಿವರಾಜನ ಕಿವಿ ಕೆಂಪಾದವು. ನೆಲದ ಫರಸಿ ಕಲ್ಲು ಎಣಿಸುತ್ತ ಭೀಮಸಿಗೆ ಕೈ ಮುಗಿದ. "ತಪ್ಪಾತ್ರಿ ಕಾಕಾ. ಮಾವನ ಕಬ್ಬ ಇನ್ನಾ ಹೊಲದಾಗ ನಿಂತೈತಿ, ಅದಕ್ಕ..."

ಭೀಮಸಿ ಅವನನ್ನೇ ದಿಟ್ಟಿಸಿದ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ.

"ಯಾವ ಕಬ್ಬೋ ತಮ್ಮಾ? ನಿಮ್ಮ ಮಾವ ದಾರಿ ಕಾದ ಕಾದ ಬ್ಯಾಸತ್ತ, ಮೊನ್ನೇನ ಎಲ್ಲಾ ಕಡದ ಬೆಲ್ಲದ ಗಾಣಕ್ಕ ಹಾಕ್ಯಾನ! ಹೇರಿದ್ದ ನನ್ನ ಟ್ರ್ಯಾಕ್ಟರಿನಾಗ. 'ಅಳಿಯಾ ಕಾರ್ಖಾನ್ಯಾಗ ಅದಾನ, ಅವಗ ನಾಚಿಕಿ ಆಗ್ತೈತಿ, ಹೇಳಬ್ಯಾಡ' ಅಂದಿದ್ದ!"

ಕಾರ್ಖಾನೆಯ ಭೋಂಗಾ ಕೂಗಿತು. ಭೀಮಸಿಯ ನಗೆಯಲ್ಲಿ ಅದು ಯಾರಿಗೂ ಕೇಳಿಸಲಿಲ್ಲ. ಶಿವರಾಜನ ಫೋನಿನಲ್ಲಿ ರೂಪಾಲಿಯ ಧ್ವನಿ ಮಾತ್ರ ಎಲ್ಲರಿಗೂ ಕೇಳಿಸಿತು.

"ಏನ್ರಿ, ಅಪ್ಪಂದು ಪಾಳಿ ಬಂತೇನ್ರಿ?"

ಭೀಮಸಿ ಬೆಂಚಿನಿಂದ ಕೆಳಗೇ ಉರುಳಿದ.